ಎತ್ತುವುದು ಬೇರೆ, ಹೊರುವುದು ಬೇರೆ

ಕಣದ ಕಟ್ಟೆ: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಲ್ಲಿನ ರೋಲಿನ ಬಗ್ಗೆಯೇ ಇವೆ. ಗದ್ದೆಗೆ ಕೊಯ್ಲು ಮಾಡುವ ಕಂಬೈನ್ ಇಳಿದ ಮೇಲೆ ಮೆದೆ ಒಟ್ಟುವ ಕೈಗಳು ಕಡಿಮೆಯಾದವು. ಹುಲ್ಲು ಸುತ್ತಿ ರೋಲು ಮಾಡುವ ಮಿಷನ್, ಅಂದರೆ ಬೇಲರ್, ಬಂತು. ಮೆದೆ ಇದ್ದ ಕಡೆ ಇರುತ್ತಿತ್ತು. ರೋಲು ಹಾಗಲ್ಲ, ಅದಕ್ಕೆ ಕಾಲಿದೆ. ಹಾಗಾಗಿ ಕ್ಲಚ್ ಪ್ಲೇಟು, ಡೀಸೆಲ್ ಫಿಲ್ಟರಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ.

ಹೊಸಬರಿಗೆ ಒಂದು ಮಾತು. ನಾನು ಚನ್ನರಾಯಪಟ್ಟಣದಲ್ಲಿ 27 ವರ್ಷ ಟ್ರ್ಯಾಕ್ಟರ್ ಗ್ಯಾರೇಜು, ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದವನು. ಈಗ ಊರಲ್ಲಿ ಆರು ಹಸು, ಒಂದು ಹಳೇ ಟ್ರ್ಯಾಕ್ಟರ್. 2017ರಲ್ಲಿ ಟ್ರೈಲರ್‌ನಿಂದ ಉರುಳಿದ ಸೈಲೇಜ್ (ಗಾಳಿಯಾಡದ ಹಾಗೆ ಪ್ಲಾಸ್ಟಿಕ್ ಸುತ್ತಿಟ್ಟ ಹಸಿ ಮೇವು) ರೋಲಿಗೆ ಎಡಗಾಲಿನ ಹರಡು ಕೊಟ್ಟೆ. ದೊಡ್ಡದೇನಲ್ಲ, 70 ಕೆಜಿಯ ರೋಲು. ತಪ್ಪು ಪೂರ್ತಿ ನನ್ನದೇ. ಅದನ್ನು ಮುಂದೆ ಹೇಳುತ್ತೇನೆ. ಈಗ ಮೊದಲ ಕಾಗದ.

ನಮ್ಮದು 24 ಎಚ್‌ಪಿ ಮಿನಿ ಟ್ರ್ಯಾಕ್ಟರ್. ಪರಿಚಯದವರೊಬ್ಬರು ದೊಡ್ಡ ಬೇಲರ್ ತಂದಿದ್ದಾರೆ. ಒಂದು ರೋಲು ನಾಲ್ಕಡಿ ಎತ್ತರ, ತೂಕ 200ರಿಂದ 250 ಕೆಜಿ ಅಂತಾರೆ. ರೇಟು ಅಗ್ಗ. ಟ್ರ್ಯಾಕ್ಟರ್ ಹಿಂದಿನ ಲಿಫ್ಟಿಗೆ ಕಬ್ಬಿಣದ ಮುಳ್ಳು ಕಟ್ಟಿಸಿಕೊಂಡು ರೋಲಿಗೆ ಚುಚ್ಚಿ ತರಬಹುದಾ? ಶೋರೂಂನವರು ಲಿಫ್ಟು 750 ಕೆಜಿ ಎತ್ತುತ್ತದೆ ಅಂದಿದ್ದಾರೆ. ಮೂರು ಪಟ್ಟು ತಾಕತ್ತು ಇದೆಯಲ್ಲ ಸಾರ್?
ಆಲೂರು ತಾಲ್ಲೂಕಿನ ಓದುಗರು

ತಮ್ಮಾ, ನಿಮ್ಮ ಲಿಫ್ಟು ಅದನ್ನು ಎತ್ತುತ್ತದೆ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಅನುಮಾನ ಇರುವುದು ಮುಂದಿನ ಎರಡು ಚಕ್ರದ ಮೇಲೆ.

ನಿಮ್ಮ ಅಪ್ಪನವರನ್ನು ಕೇಳಿ. ಎತ್ತಿನ ಗಾಡಿಗೆ ಗೊಬ್ಬರ ತುಂಬುವಾಗ ಹಿಂದಕ್ಕೆ ಜಾಸ್ತಿ ಹಾಕಿದರೆ ಏನಾಗುತ್ತಿತ್ತು? ಮೂಕಿ ಎದ್ದುಬಿಡುತ್ತಿತ್ತು. ನೊಗ ಮೇಲೆ ಹೋಗಿ ಎತ್ತಿನ ಕುತ್ತಿಗೆ ಪಟ್ಟಿ ಬಿಗಿಯುತ್ತಿತ್ತು. ಟ್ರ್ಯಾಕ್ಟರಿನ ಲೆಕ್ಕವೂ ಅದೇ. ಇಲ್ಲಿ ಮೂಕಿ ಅಂದರೆ ಇಂಜಿನ್ನು.

ಲೆಕ್ಕ ಹಾಕಿಯೇ ತೋರಿಸುತ್ತೇನೆ, ಒಂದು ಕಾಗದ ಪೆನ್ನು ತಗೊಳ್ಳಿ. ಟ್ರ್ಯಾಕ್ಟರ್ ತೂಕ 850 ಕೆಜಿ ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಮುಂದಿನ ಚಕ್ರದ ಮೇಲೆ ಕೂತಿರುವುದು ಸುಮಾರು 340 ಕೆಜಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಒಂದೂವರೆ ಮೀಟರ್ ದೂರ. ರೋಲು ಚುಚ್ಚಿಕೊಂಡಾಗ ಅದರ ನಡು ಹಿಂದಿನ ಅಚ್ಚಿನಿಂದ ಹೆಚ್ಚುಕಡಿಮೆ 1.4 ಮೀಟರ್ ಹಿಂದೆ ಇರುತ್ತದೆ. 250ನ್ನು 1.4ರಿಂದ ಗುಣಿಸಿ, 1.5ರಿಂದ ಭಾಗಿಸಿ. 233 ಬಂತಲ್ವಾ? ಅಷ್ಟು ತೂಕ ಮುಂದಿನ ಚಕ್ರದಿಂದ ಎದ್ದುಹೋಯಿತು. ಉಳಿದದ್ದು 107. ಮುಳ್ಳಿನ ಚೌಕಟ್ಟಿನ ಭಾರ ಇನ್ನೂ ಸೇರಿಸಿಲ್ಲ.

ಟ್ರ್ಯಾಕ್ಟರು, ಹೊರೆ ಎರಡೂ ಸೇರಿದ ತೂಕದಲ್ಲಿ ಐದನೇ ಒಂದು ಪಾಲಾದರೂ ಮುಂದಿನ ಚಕ್ರದ ಮೇಲಿರಬೇಕು. ಇಲ್ಲದಿದ್ದರೆ ಸ್ಟೇರಿಂಗ್ ಹೇಳಿದ ಮಾತು ಕೇಳುವುದಿಲ್ಲ. ಇಲ್ಲಿ ಒಟ್ಟು 1,100 ಕೆಜಿ, ಬೇಕಾದದ್ದು 220. ನಿಮ್ಮ ಹತ್ತಿರ ಅದರ ಅರ್ಧವೂ ಇಲ್ಲ. ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಗದ್ದೆ ಬದು ಹತ್ತುವಾಗ, ಹಳ್ಳದಿಂದ ಮೇಲೆ ಬರುವಾಗ, ಕ್ಲಚ್ ಚಕ್ಕನೆ ಬಿಟ್ಟಾಗ ಗೊತ್ತಾಗುತ್ತದೆ. ಮೂತಿ ಎದ್ದ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದಕ್ಕೆ ಒಂದೆರಡು ಸೆಕೆಂಡು ಸಾಕು. ಹಾರಿಕೊಳ್ಳುತ್ತೇನೆ ಅನ್ನುವವರು ಇನ್ನೂ ಮಗುಚಿದ್ದನ್ನು ನೋಡಿಲ್ಲ, ಅಷ್ಟೇ.

ಇನ್ನು ಆ 750 ಕೆಜಿ. ಅದು ಲಿಫ್ಟ್ ಆರ್ಮಿನ ತುದಿಯಲ್ಲಿ, ಸಲಕರಣೆ ಸಿಕ್ಕಿಸುವ ಗುಂಡಿನ ಹತ್ತಿರ ಸಿಗುವ ಲೆಕ್ಕ. ಹೊರೆ ಹಿಂದೆ ಹಿಂದೆ ಹೋದಷ್ಟೂ ತಾಕತ್ತು ಇಳಿಯುತ್ತದೆ. ಕೊಡಪಾನ ಸೊಂಟಕ್ಕಿಟ್ಟು ಹೊರುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಶೋರೂಂನವರು ಸುಳ್ಳು ಹೇಳಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ. ಎತ್ತುತ್ತದಾ ಅಂತ ಕೇಳಿದಿರಿ, ಹೊರುತ್ತದಾ ಅಂತ ಕೇಳಲಿಲ್ಲ.

ಮುಂದೆ ತೂಕ ಕಟ್ಟಿದರೆ? ಕಟ್ಟಬಹುದು. ಆದರೆ ಈ ಲೆಕ್ಕಕ್ಕೆ ನೂರು, ನೂರಮೂವತ್ತು ಕೆಜಿ ಬೇಕಾಗುತ್ತದೆ. ಅಷ್ಟನ್ನು ಹೊರಲು ಎಷ್ಟೋ ಮಿನಿ ಟ್ರ್ಯಾಕ್ಟರಿನ ಬಂಪರ್ ತಯಾರಾಗಿರುವುದಿಲ್ಲ. ಕೈಪಿಡಿಯಲ್ಲಿ ಎಷ್ಟು ಅಂತ ಬರೆದಿದೆಯೋ ಅಷ್ಟೇ. ಸಿಮೆಂಟ್ ತುಂಬಿದ ಡಬ್ಬ, ಮರಳಿನ ಚೀಲ ನೇತುಹಾಕಿ ಬರುವವರನ್ನು ನೋಡಿದ್ದೇನೆ. ಮೊದಲ ಗುಂಡಿಗೆ ಚೀಲ ಕೆಳಗೆ, ಮೂತಿ ಮೇಲೆ.

ನನ್ನ ಮಾತು ಕೇಳುವುದಾದರೆ ಆ 250 ಕೆಜಿ ರೋಲು ನಿಮಗೆ ಬೇಡ. ಗದ್ದೆಯಲ್ಲೇ ಸುತ್ತುವ ಸಣ್ಣ ರೋಲು 15ರಿಂದ 25 ಕೆಜಿ ಬರುತ್ತದೆ. ಒಬ್ಬರೇ ಎತ್ತಬಹುದು, ಹಸುವಿಗೆ ಒಂದೊಂದಾಗಿ ಬಿಚ್ಚಬಹುದು. ರೇಟು ಸ್ವಲ್ಪ ಜಾಸ್ತಿ ಇರಲಿ. ದೊಡ್ಡದೇ ಬೇಕು ಅಂದರೆ 45 ಎಚ್‌ಪಿ ಮೇಲಿನ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆದು, ಎಲ್ಲಾ ರೋಲನ್ನೂ ಒಂದೇ ದಿನ ಕೊಟ್ಟಿಗೆ ಪಕ್ಕಕ್ಕೆ ಇಳಿಸಿಕೊಳ್ಳಿ. ಆಮೇಲೆ ಅದನ್ನು ಕದಲಿಸುವ ಕೆಲಸವೇ ಇರಬಾರದು. ಇದ್ದಲ್ಲೇ ದಾರ ಕತ್ತರಿಸಿ, ಚಾಪೆ ಬಿಚ್ಚಿದ ಹಾಗೆ ಪದರ ಪದರ ಬಿಚ್ಚಿ, ಮಂಕರಿಯಲ್ಲಿ ತಗೊಂಡು ಹೋಗಿ.

ಮುಳ್ಳಿನ ವಿಷಯ. ಬೇರೆಯವರು ಓದುತ್ತಿರುತ್ತಾರೆ, ಅದಕ್ಕೆ ಹೇಳುತ್ತೇನೆ. ನಾನೇ ಹತ್ತಾರು ಕಟ್ಟಿಕೊಟ್ಟಿದ್ದೇನೆ. ಮೊದಮೊದಲು ಮನೆ ಕಟ್ಟುವ ಸರಳು ಚೂಪು ಮಾಡಿ ವೆಲ್ಡ್ ಹೊಡೆಯುತ್ತಿದ್ದೆ. ಅದು ತಪ್ಪು. ಸರಳು ಬಾಗುತ್ತದೆ, ವೆಲ್ಡಿನ ಬುಡದಲ್ಲಿ ಮುರಿಯುತ್ತದೆ. ಇದಕ್ಕೇ ಅಂತ ಬಡಿದು ತಯಾರಿಸಿದ, ಬುಡ ದಪ್ಪ ತುದಿ ಸಣ್ಣ ಇರುವ ಮುಳ್ಳು ಸಿಗುತ್ತದೆ, ಅದನ್ನೇ ಹಾಕಿಸಿ. ನಡುವೆ ಉದ್ದದ್ದು ಒಂದು, ರೋಲು ತಿರುಗದ ಹಾಗೆ ಕೆಳಗೆ ಎರಡು ಗಿಡ್ಡ. ರೋಲಿನ ಚಪ್ಪಟೆ ಮುಖದ ನಡುವಿಗೆ ಚುಚ್ಚಬೇಕು. ಕೆಲಸ ಮುಗಿದ ಮೇಲೆ ಮುಳ್ಳು ಕಳಚಿಡಿ, ಇಲ್ಲವೇ ನೆಲಕ್ಕೆ ಇಳಿಸಿಡಿ. ರಾತ್ರಿ ಹೊತ್ತು ಬೈಕಿನವನ ಎದೆಯ ಮಟ್ಟಕ್ಕೆ ಒಂದು ಈಟಿ ನಿಂತಿರುವುದು ಬೇಡ.

ನಾವು ರೋಲು ಇಳಿಸುವುದಕ್ಕೆ ಜೆಸಿಬಿ ಕರೆಸುತ್ತೇವೆ. ಬಕೆಟ್‌ನಲ್ಲೇ ಕೂರಿಸಿ ಎತ್ತಿ ಇಡುತ್ತಾನೆ. ಈಗ ನಮ್ಮ ಟ್ರ್ಯಾಕ್ಟರಿನ ಮುಂದೆಯೂ ಬಕೆಟ್ ಎತ್ತುವ ಒಂದು ಸಣ್ಣ ಲೋಡರ್ ಹಾಕಿಸೋಣ ಅಂತ ಮಗ ಹಠ ಹಿಡಿದಿದ್ದಾನೆ.
ಬೇಲೂರು ಕಡೆಯ ಓದುಗರು

ಜೆಸಿಬಿಯ ಭಾರ ಬೇರೆ, ಅದರ ಕ್ಯಾಬಿನ್ ಬೇರೆ. ಅದನ್ನು ನೋಡಿ ನಿಮ್ಮ ಟ್ರ್ಯಾಕ್ಟರಿಗೆ ಅಳತೆ ಹಿಡಿಯಬೇಡಿ. ಸಣ್ಣ ಲೋಡರಿನ ಬಕೆಟ್ಟಿನಲ್ಲಿ ರೋಲು ಇಟ್ಟು ತಲೆಗಿಂತ ಮೇಲೆ ಎತ್ತಿದರೆ, ಬಕೆಟ್ ಒಂಚೂರು ಹಿಂದಕ್ಕೆ ವಾಲಿದರೂ ಸಾಕು. ಆ ಎರಡು ಆರ್ಮೇ ಜಾರುಬಂಡೆ ಆಗುತ್ತದೆ. ರೋಲು ಸೀದಾ ಡ್ರೈವರ್ ಮಡಿಲಿಗೆ ಬರುತ್ತದೆ. ಹೊರದೇಶದಲ್ಲಿ ಲೋಡರ್ ಬಂದ ಕಾಲದಿಂದ ರೈತರು ಸಾಯುತ್ತಿರುವುದು ಹೀಗೇ.

ಹಾಕಿಸುವುದಾದರೆ ಬಕೆಟ್ಟಿಗೆ ಬದಲು ಮುಳ್ಳು, ಅಥವಾ ಎರಡೂ ಕಡೆಯಿಂದ ತಬ್ಬಿ ಹಿಡಿಯುವ ಇಕ್ಕಳ ಹಾಕಿಸಿ. ಸೀಟಿನ ಹಿಂದೆ ರಕ್ಷಣೆಯ ಕಂಬಿ ಇರಲಿ, ಬೆಲ್ಟ್ ಹಾಕಿಕೊಳ್ಳಲಿ. ರೋಲನ್ನು ನೆಲದಿಂದ ಒಂದು ಮೊಳ ಎತ್ತಿ ಸಾಗಿಸಬೇಕು, ಮುಂದೆ ಕಾಣುವಷ್ಟು. ಇನ್ನೊಂದನ್ನು ಮಗನಿಗೆ ಬಿಡಿಸಿ ಹೇಳಿ. ಟ್ರ್ಯಾಕ್ಟರಿನ ಬ್ರೇಕು ಇರುವುದು ಹಿಂದಿನ ಚಕ್ರಕ್ಕೆ. ಮುಂದೆ ಭಾರ ಹೊತ್ತು ಇಳಿಜಾರು ಇಳಿದರೆ ಹಿಂದಿನ ಚಕ್ರ ಹಗುರ. ಹಗುರ ಚಕ್ರಕ್ಕೆ ಎಷ್ಟು ಬ್ರೇಕ್ ತುಳಿದರೂ ಅದು ಜಾರುತ್ತದೆಯೇ ಹೊರತು ನಿಲ್ಲುವುದಿಲ್ಲ. ಹಿಂದೆ ರೋಟವೇಟರ್ ಆದರೂ ಸಿಕ್ಕಿಸಿಕೊಂಡಿರಲಿ, ತೂಕಕ್ಕೆ.

ನಮ್ಮದು ಮೂಡಿಗೆರೆ ಕಡೆ, ಕಾಫಿ ತೋಟ, ನಾಲ್ಕು ಹಸು. ಬಯಲುಸೀಮೆಯಿಂದ ಸೈಲೇಜ್ ರೋಲು ತರಿಸುತ್ತೇವೆ, 60–70 ಕೆಜಿಯದು. ಲಾರಿ ಮನೆವರೆಗೆ ಬರುವುದಿಲ್ಲ. ರಸ್ತೆಯಿಂದ ಕೆಳಗೆ ಟಿಲ್ಲರ್ ಟ್ರೈಲರ್‌ನಲ್ಲಿ ತರಬೇಕು. ಹೋದ ತಿಂಗಳು ಒಂದು ರೋಲು ಕೈತಪ್ಪಿ ತೋಟದೊಳಗೆ ಉರುಳಿ ನಾಲ್ಕು ಗಿಡ ಮುರಿಯಿತು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಏನಾದರೂ ಉಪಾಯ ಹೇಳಿ ಅಣ್ಣಾ.
ಮೂಡಿಗೆರೆ ತಾಲ್ಲೂಕಿನ ಓದುಗರು

ತಂಗೀ, ಗಿಡ ತಾನೇ ಮುರಿದದ್ದು, ಸದ್ಯ. ನನ್ನ ಕಾಲು ಮುರಿದದ್ದೂ ಇಷ್ಟೇ ತೂಕದ ರೋಲಿಗೆ. ಟ್ರೈಲರಿನ ಹಿಂದಿನ ಬಾಗಿಲು ತೆಗೆದು ಎದುರಿಗೇ ನಿಂತಿದ್ದೆ. ಮೇಲಿನ ರೋಲು ಹಿಡಿದುಕೊಂಡಿದ್ದೇನೆ ಅಂತ ಅಂದುಕೊಂಡಿದ್ದೆ. ದಾರಿಯ ಕುಲುಕಾಟಕ್ಕೆ ಅದು ಆಗಲೇ ಬಾಗಿಲಿಗೆ ಒರಗಿ ಕಾಯುತ್ತಿತ್ತು. ಚಿಲಕ ತೆಗೆದದ್ದೇ ತಡ. ಅವತ್ತಿನಿಂದ ನಾನು ಪಕ್ಕದಲ್ಲಿ ನಿಂತು ಉದ್ದದ ಸಲಾಕೆಯಲ್ಲಿ ಚಿಲಕ ತಳ್ಳುತ್ತೇನೆ. ನೀವೂ ಹಾಗೇ ಮಾಡಿ.

ಮೊದಲು ಒಂದು ಸೂತ್ರ. ರೋಲು ಡೋಲಿನ ಹಾಗಲ್ವಾ, ಎರಡು ಚಪ್ಪಟೆ ಮುಖ, ಒಂದು ದುಂಡು ಹೊಟ್ಟೆ. ಇಳಿಜಾರಿನಲ್ಲಿ ಅದನ್ನು ಇಡುವಾಗ ಚಪ್ಪಟೆ ಮುಖ ಕೆಳಗಡೆಗೆ ನೋಡುತ್ತಿರಬೇಕು. ಹೊಟ್ಟೆ ಕೆಳಗಡೆ ತಿರುಗಿದರೆ ಅದು ಹೊರಟಿತು ಅಂತಲೇ ಲೆಕ್ಕ. ಇನ್ನೂ ಒಳ್ಳೆಯದು, ಚಪ್ಪಟೆ ಮುಖದ ಮೇಲೆ ನಿಲ್ಲಿಸಿಬಿಡುವುದು. ನಿಂತ ಡೋಲು ಉರುಳುವುದಿಲ್ಲ.

ಎರಡನೆಯದು, ನೀವಾಗಲಿ ಅತ್ತೆಯಾಗಲಿ ರೋಲಿನ ಕೆಳಗಡೆ ನಿಲ್ಲಕೂಡದು. ಹೊರಟ ರೋಲನ್ನು ಹಿಡಿಯುವುದಕ್ಕೆ ಹೋಗಬೇಡಿ. ಗಿಡ ಹೋದರೆ ಹೋಗಲಿ. ಇಂಗ್ಲೆಂಡಿನ ಡೆವನ್‌ನಲ್ಲಿ 2010ರ ಸೆಪ್ಟೆಂಬರಿನಲ್ಲಿ ಗುಡ್ಡದ ಹೊಲದಿಂದ ಸುಮಾರು 600 ಕೆಜಿಯ ರೋಲು ಉರುಳಿ, ಬೇಲಿ ದಾಟಿ, ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದ ವ್ಯಾನಿಗೆ ಬಿತ್ತು. ಒಳಗಿದ್ದವರು ಮೈಕ್ ಎಡ್ವರ್ಡ್ಸ್, ಒಂದು ಕಾಲಕ್ಕೆ ಹೆಸರಾಂತ ಬ್ಯಾಂಡಿನಲ್ಲಿ ಸೆಲ್ಲೊ ನುಡಿಸುತ್ತಿದ್ದವರು. ಅಲ್ಲೇ ತೀರಿಕೊಂಡರು. ಹುಲ್ಲಿಗೂ ಅವರಿಗೂ ಏನೂ ಸಂಬಂಧ ಇರಲಿಲ್ಲ. ನಿಮ್ಮ ತೋಟದ ಕೆಳಗೂ ಯಾರದ್ದೋ ಮನೆ, ಕೂಲಿಯವರ ಲೈನು, ಶಾಲೆಗೆ ಹೋಗುವ ದಾರಿ ಇರಬಹುದು. ಒಮ್ಮೆ ನಿಂತು ನೋಡಿ.

ಇನ್ನು ಇಬ್ಬರೇ ಇಳಿಸುವ ಉಪಾಯ. ನಿಮ್ಮ ಕಡೆ ಮರದ ದಿಮ್ಮಿ ಲಾರಿಗೆ ಏರಿಸುವವರನ್ನು ನೋಡಿರುತ್ತೀರಿ. ಅದನ್ನೇ ಉಲ್ಟಾ ಮಾಡುವುದು. ಟ್ರೈಲರಿಗೆ ಎರಡು ಗಟ್ಟಿ ಹಲಗೆ ಒರಗಿಸಿ, ಕೆಳತುದಿ ಜಾರದ ಹಾಗೆ ಗೂಟ ಹೊಡೆಯಿರಿ. ಹಗ್ಗದ ಒಂದು ತುದಿಯನ್ನು ಟ್ರೈಲರಿನ ಮುಂದಿನ ಕಂಬಿಗೆ ಕಟ್ಟಿ. ಹಗ್ಗವನ್ನು ರೋಲಿನ ಅಡಿಯಿಂದ ತಂದು, ಹೊಟ್ಟೆ ಸುತ್ತಿಸಿ, ಮತ್ತೆ ಮೇಲಕ್ಕೆ ತನ್ನಿ. ಆ ತುದಿ ನಿಮ್ಮ ಕೈಯಲ್ಲಿ. ನೀವು ಟ್ರೈಲರಿನ ಮುಂದೆ, ಅಂದರೆ ರೋಲಿಗಿಂತ ಮೇಲೆ. ಹಗ್ಗ ಸಡಿಲ ಬಿಟ್ಟ ಹಾಗೆ ರೋಲು ಹಲಗೆ ಮೇಲೆ ಹೊರಳಿಕೊಂಡು ಇಳಿಯುತ್ತದೆ. ಇಳಿಜಾರಿಗೆ ಎಳೆಯುವ ಭಾರದಲ್ಲಿ ಅರ್ಧ ಕಂಬಿಗೆ, ಅರ್ಧ ನಿಮಗೆ. ಹಗ್ಗವನ್ನು ಬರೀ ಕೈಯಲ್ಲಿ ಹಿಡಿಯಬೇಡಿ, ಕಂಬಿಗೆ ಒಂದು ಸುತ್ತು ಹಾಕಿ ಬಿಡುತ್ತಾ ಹೋಗಿ. ಅತ್ತೆಯವರು ಚಕ್ರಕ್ಕೆ ಕಲ್ಲು ಕೊಟ್ಟು ಪಕ್ಕದಲ್ಲಿ ನಿಲ್ಲಲಿ. ಕಲ್ಲು ಕೊಡದೆ ಮಾತ್ರ ಬಾಗಿಲು ತೆಗೆಯಬೇಡಿ.

ಟಿಲ್ಲರ್ ಯಾರು ಓಡಿಸುತ್ತೀರಿ ಅಂತ ಬರೆದಿಲ್ಲ. ಯಾರೇ ಆಗಲಿ, ಇಳಿಜಾರಿನಲ್ಲಿ ಟಿಲ್ಲರಿನ ಬುದ್ಧಿ ಉಲ್ಟಾ. ಸಮತಟ್ಟಿನಲ್ಲಿ ಎಡಗೈ ಕ್ಲಚ್ ಒತ್ತಿದರೆ ಎಡಕ್ಕೆ ತಿರುಗುತ್ತದೆ. ಕೆಳಗೆ ಇಳಿಯುವಾಗ ಅದೇ ಎಡಗೈ ಒತ್ತಿದರೆ ಎಡಚಕ್ರ ಬಿಡುಗಡೆಯಾಗಿ ಮುಂದೆ ಓಡುತ್ತದೆ, ಗಾಡಿ ಬಲಕ್ಕೆ ಹೊರಳುತ್ತದೆ. ಹಿಂದಿನಿಂದ ಟ್ರೈಲರ್ ಬೇರೆ ನೂಕುತ್ತಿರುತ್ತದೆ. ಇಳಿಯುವಾಗ ಆ ಕ್ಲಚ್ ಮುಟ್ಟದೆ, ಲೋ ಗೇರಿನಲ್ಲಿ, ಹ್ಯಾಂಡಲ್ ಬಲದಿಂದಲೇ ತಿರುಗಿಸಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಬುದ್ಧಿವಂತಿಕೆ ಬೇಡ. ಒಂದು ಸಲಕ್ಕೆ ನಾಲ್ಕೇ ರೋಲು ತನ್ನಿ, ಒಂದೇ ಸಾಲು, ಎಲ್ಲವೂ ನಿಂತಿರಲಿ.

ಸೈಲೇಜ್ ರೋಲಿಗೆ ಕೊಕ್ಕೆ, ಕುಡುಗೋಲು ತಾಗಿಸಬೇಡಿ. ಪ್ಲಾಸ್ಟಿಕ್ ತೂತಾದರೆ ಗಾಳಿ ಹೋಗಿ ಬೂಷ್ಟು ಹಿಡಿಯುತ್ತದೆ. ತೂತಾದದ್ದನ್ನು ಕಂಡ ತಕ್ಷಣ ಟೇಪು ಹಚ್ಚಿ, ಅದನ್ನೇ ಮೊದಲು ತಿನ್ನಿಸಿ.

ನಮ್ಮ ಬೇಲರ್ ಡ್ರೈವರ್ ಹುಲ್ಲು ಸಿಕ್ಕಿಕೊಂಡಾಗ ಪಿಟಿಒ (ಟ್ರ್ಯಾಕ್ಟರಿನಿಂದ ಬೇಲರಿಗೆ ಶಕ್ತಿ ಕೊಡುವ, ತಿರುಗುವ ಶಾಫ್ಟು) ನಿಲ್ಲಿಸುವುದೇ ಇಲ್ಲ. ಓಡುತ್ತಿದ್ದರೆ ಬೇಗ ಬರುತ್ತದೆ ಅಂತಾನೆ.
ಅರಕಲಗೂಡಿನ ಓದುಗರು

ಬೇಗ ಬರುತ್ತದೆ, ನಿಜ. ಕೈಯೂ ಅಷ್ಟೇ ಬೇಗ ಹೋಗುತ್ತದೆ. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಟವಲ್ಲಿನ ತುದಿ ಸಿಕ್ಕಿದೆ ಅಂತ ನಿಮ್ಮ ತಲೆಗೆ ಹೊಳೆಯುವಷ್ಟರಲ್ಲಿ ಅದು ನಾಲ್ಕು ಸುತ್ತು ಸುತ್ತಿರುತ್ತದೆ. ಇಂಜಿನ್ ಆಫ್, ಕೀಲಿ ಜೇಬಿಗೆ, ಆಮೇಲೆ ಕೈ. ಹಿಂದಿನ ಬಾಗಿಲು ಎತ್ತಿ ಒಳಗೆ ನೋಡುವುದಿದ್ದರೆ ಅದರ ಲಾಕು ಹಾಕಬೇಕು. ಬರೀ ಹೈಡ್ರಾಲಿಕ್ ನಂಬಿ ತಲೆ ತೂರಿಸಬಾರದು. ಡ್ರೈವರ್ ಕೇಳದಿದ್ದರೆ ಬೇರೆ ಡ್ರೈವರ್ ನೋಡಿ.

ಅಕಾಲ ಮಳೆಗೆ ಸ್ವಲ್ಪ ನೆಂದಿದ್ದ ರಾಗಿಹುಲ್ಲನ್ನು ಅರೆಬರೆ ಒಣಗಿಸಿ ರೋಲು ಮಾಡಿಸಿ ಶೆಡ್ಡಿನಲ್ಲಿ ಒಟ್ಟಿದ್ದೇವೆ. ಎರಡು ವಾರ ಆಯಿತು. ಬೆಳಿಗ್ಗೆ ಹೊತ್ತು ಹಬೆ ಬರುತ್ತದೆ, ಬೆಲ್ಲದ ಪಾಕದ ಥರ ವಾಸನೆ. ಹಸುಗಳು ಆಸೆಯಿಂದ ತಿನ್ನುತ್ತಿವೆ.
ಕಡೂರು ತಾಲ್ಲೂಕಿನ ಓದುಗರು

ನಿಮ್ಮ ಕಾಗದಕ್ಕೆ ಪತ್ರಿಕೆಯಲ್ಲಿ ಉತ್ತರ ಬರುವವರೆಗೆ ಕಾಯಬಾರದು ಅಂತ ಫೋನೇ ಮಾಡಿಸಿದ್ದೆ. ಮಿಕ್ಕವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ಸಿಹಿ ವಾಸನೆ ಒಳಗಡೆ ಹುಲ್ಲು ಬೇಯುತ್ತಿರುವುದರ ಗುರುತು. ಹಸಿ ಇರುವ ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಶಾಖ ಹುಟ್ಟಿಸುತ್ತವೆ. ಬಿಗಿಯಾಗಿ ಸುತ್ತಿದ ರೋಲಿನಿಂದ ಆ ಶಾಖಕ್ಕೆ ಹೊರಗೆ ಬರಲು ದಾರಿ ಇಲ್ಲ. ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ತೇವ ಇದ್ದರೆ ಈ ಕಾಟ. ರೋಲು ದೊಡ್ಡದಾದಷ್ಟೂ ಇನ್ನೂ ಚೆನ್ನಾಗಿ ಒಣಗಿರಬೇಕು. ಹುಲ್ಲು ಹೀಗೆ ಬಿಸಿಯಾಗುವುದು ಮೊದಲ ಕೆಲವು ವಾರಗಳಲ್ಲೇ. ಬೆಂಕಿಪೊಟ್ಟಣ ಯಾರೂ ಗೀರದೆ ಬಣವೆ ಹತ್ತಿಕೊಂಡಿತು, ಯಾರೋ ಆಗದವರು ಇಟ್ಟರು ಅಂತ ಊರಲ್ಲಿ ಜಗಳ ಆಗುತ್ತದಲ್ಲ, ಅದರಲ್ಲಿ ಕೆಲವಾದರೂ ಹೀಗೆ ಹತ್ತಿದವೇ ಇರಬೇಕು.

ಪರೀಕ್ಷೆಗೆ ಹಾರೆ ಸಾಕು. ರೋಲಿನ ನಡುವಿಗೆ ತೂರಿಸಿ ಕಾಲು ಗಂಟೆ ಬಿಟ್ಟು ಎಳೆದು, ಒಳಗಿದ್ದ ತುದಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ದಿನಾ ನೋಡುತ್ತಿರಿ. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಒಳಗೆ 60 ಡಿಗ್ರಿ ದಾಟಿದೆ ಅಂತ ತಿಳಿಯಿರಿ. ಹಸುಗಳನ್ನು ಬೇರೆ ಕಡೆ ಕಟ್ಟಿ. 80ರ ಹತ್ತಿರ ಹೋದರೆ ಯಾವ ಗಳಿಗೆಯಲ್ಲಾದರೂ ಹತ್ತಿಕೊಳ್ಳಬಹುದು. ಕಮಟು ವಾಸನೆ, ಹೊಗೆ ಇದ್ದರೆ ನೀವಾಗಿ ಒಟ್ಟಿದ್ದನ್ನು ಕೆಡವಬೇಡಿ. ಗಾಳಿ ತಾಗಿದ ಕೂಡಲೇ ಭುಗ್ ಅನ್ನುತ್ತದೆ. 101 ಇಲ್ಲವೇ 112ಕ್ಕೆ ಫೋನ್ ಮಾಡಿ, ಅಗ್ನಿಶಾಮಕದವರು ನೀರು ಹಿಡಿದು ನಿಂತ ಮೇಲೆ ಬಿಚ್ಚಲಿ. ಒಟ್ಟಿದ್ದರ ಮೇಲೆ ಹತ್ತಲೂಬೇಡಿ. ಒಳಗೆ ಸುಟ್ಟು ಪೊಳ್ಳಾಗಿದ್ದರೆ ಕಾಲು ಹೂತುಹೋಗುತ್ತದೆ.

ಕಡೂರಿನವರ ಹಾರೆ ಬೆಚ್ಚಗೆ ಮಾತ್ರ ಇತ್ತಂತೆ. ಅವತ್ತೇ ರೋಲುಗಳನ್ನು ಹೊರಗೆ ತಂದು ಬಿಡಿಬಿಡಿಯಾಗಿ ಹರಡಿದ್ದಾರೆ. ಬೂದು ಬೂಷ್ಟು ಹಿಡಿದದ್ದನ್ನು ಬಿಚ್ಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಉಬ್ಬಸದಂಥ ಕಾಯಿಲೆ ಬರುತ್ತದೆ. ಅಂಥ ಹುಲ್ಲನ್ನು ಗಬ್ಬದ ಹಸುವಿಗಂತೂ ಹಾಕಬೇಡಿ.

ಒಂದೇ ಟ್ರಿಪ್‌ನಲ್ಲಿ ಮುಗಿಸೋಣ ಅಂತ ಟ್ರೈಲರಿಗೆ ನಾಲ್ಕು ಸಾಲು ರೋಲು ಏರಿಸುತ್ತೇವೆ. ಹಗ್ಗ ಬಿಗಿಯಾಗಿಯೇ ಕಟ್ಟುತ್ತೇವೆ. ತೊಂದರೆ ಇಲ್ಲ ಅಲ್ವಾ?
ಹೊಳೆನರಸೀಪುರದ ಓದುಗರು

ಹಗ್ಗ ಅಲ್ಲ ಸ್ವಾಮಿ, ತಲೆ ಎತ್ತಿ ನೋಡಿ. ಹೊಲದ ಮೇಲಿನ ಕರೆಂಟ್ ತಂತಿ ಬಿಸಿಲಿಗೆ ಜೋತುಬಿದ್ದಿರುತ್ತದೆ. ಹುಲ್ಲಿನ ಗಾಡಿಗೆ ತಂತಿ ತಗುಲಿ ಹೊತ್ತಿಕೊಂಡ ಸುದ್ದಿ ಪ್ರತಿ ಸುಗ್ಗಿಯಲ್ಲೂ ಪೇಪರಿನಲ್ಲಿ ಬರುತ್ತದೆ. ಎರಡೇ ಸಾಲು ಏರಿಸಿ, ಎರಡು ಟ್ರಿಪ್ ಮಾಡಿ. ಬಿದಿರಿನ ಗಳದಲ್ಲಿ ತಂತಿ ಎತ್ತಿ ಹಿಡಿಯುವ ಹುಡುಗನನ್ನು ಗಾಡಿ ಮೇಲೆ ಕೂರಿಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ರಜಕ್ಕೆ ಬೆಂಗಳೂರಿನಿಂದ ಮೊಮ್ಮಕ್ಕಳು ಬರುತ್ತಾರೆ. ಅವರಿಗೆ ರೋಲಿನ ಮೇಲೆ ಹತ್ತಿ ಕುಣಿಯುವುದು, ಫೋಟೊ ತೆಗೆಸಿಕೊಳ್ಳುವುದು ಅಂದರೆ ಪ್ರಾಣ. ಬೈದರೆ ಅಳುತ್ತಾರೆ.
ಚನ್ನರಾಯಪಟ್ಟಣದ ಓದುಗರು

ನಮ್ಮೂರಿನವರೇ! ಬೈಯಬೇಡಿ ಅಮ್ಮ. ಒಂದೇ ಒಂದು ಸಣ್ಣ ಹುಲ್ಲಿನ ರೋಲನ್ನು ಅಂಗಳದ ನಡುವೆ ಚಪ್ಪಟೆ ಮುಖದ ಮೇಲೆ ನಿಲ್ಲಿಸಿಕೊಡಿ. ಅದು ಅವರದ್ದು. ಹತ್ತಲಿ, ಕುಣಿಯಲಿ, ಫೋಟೊ ತೆಗೆಯಲಿ. ಒಟ್ಟಿದ ರೋಲುಗಳ ಸಂದಿಗೆ ಮಾತ್ರ ಬಿಡಬೇಡಿ. ಒಂದು ಜರುಗಿದರೆ ಸಾಲೇ ಜರುಗುತ್ತದೆ, ಸಂದಿಯಲ್ಲಿ ಹಾವೂ ಇರುತ್ತದೆ. ಒಟ್ಟಿರುವುದು ಮಗುವಿನ ಎತ್ತರಕ್ಕಿಂತ ಜಾಸ್ತಿ ಇದ್ದರೆ, ಮಕ್ಕಳ ಬಸ್ಸು ಬರುವ ಮೊದಲು ಮೇಲಿನ ಸಾಲು ಇಳಿಸಿಸಿಬಿಡಿ. ಇಳಿಸುವವರಿಗೆ ಹೇಳಿ, ಪಕ್ಕಕ್ಕೆ ನಿಂತು ಇಳಿಸಲಿ.